ಮಂಗಳೂರು ಹಂಚಿನ ಮೊದಲ ಕಾರ್ಖಾನೆ: 1860 ಸರಿಯೋ, 1865 ಸರಿಯೋ? ಮೂಲ ದಾಖಲೆಯವರೆಗೆ ಹೋಗುವುದು ಹೇಗೆ?

ಪ್ರಶ್ನೆ ಕೇಳಿದವರು: ಜೆಪ್ಪು ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕರಾವಳಿಯ ಹಂಚಿನ ಉದ್ಯಮದ ಕುರಿತು ವಿಚಾರ ಸಂಕಿರಣಕ್ಕೆಂದು ಪ್ರಬಂಧವೊಂದನ್ನು ಬರೆಯುತ್ತಿದ್ದು, ಅದರ ಎರಡನೆಯ ವಾಕ್ಯದಲ್ಲಿಯೇ ಸಿಕ್ಕಿಬಿದ್ದಿದ್ದೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಆರಂಭಿಸಿದ್ದು 1860ರಲ್ಲಿ ಎಂದು ಕೆಲವರು ಬರೆಯುತ್ತಾರೆ, 1865ರಲ್ಲಿ ಎಂದು ಇನ್ನು ಕೆಲವರು ಬರೆಯುತ್ತಾರೆ. ಎರಡೂ ಕಡೆಯವರು ಇಸವಿಯನ್ನು ಬಹಳ ವಿಶ್ವಾಸದಿಂದಲೇ ಹೇಳುತ್ತಾರೆ.

ನಾನು ಈವರೆಗೆ ಮಾಡಿದ ಕೆಲಸವನ್ನು ಹೇಳಿಬಿಡುತ್ತೇನೆ. 1860 ಎಂದು ಹೇಳುವ ಐದು ಬರಹಗಳನ್ನು ಕಲೆಹಾಕಿ ಅವುಗಳ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಹಿಂಬಾಲಿಸಿದೆ. ಮೂರು ಬರಹಗಳು ನಾಲ್ಕನೆಯದನ್ನು ಆಧಾರವಾಗಿ ಕೊಡುತ್ತವೆ. ನಾಲ್ಕನೆಯದು ಒಂದು ಸಂಸ್ಥೆಯ ಸ್ಮರಣ ಸಂಚಿಕೆಯನ್ನು ಹೆಸರಿಸುತ್ತದೆ. ಆ ಸ್ಮರಣ ಸಂಚಿಕೆಯನ್ನು ಪರಿಚಿತರೊಬ್ಬರ ಮನೆಯ ಅಟ್ಟದಿಂದ ಇಳಿಸಿ ನೋಡಿದರೆ ಅಲ್ಲಿ ಯಾವ ಆಧಾರವೂ ಇಲ್ಲ. ಐದನೆಯ ಬರಹ ಮಾತ್ರ ‘ಮಿಷನ್ನಿನ ವಾರ್ಷಿಕ ವರದಿ’ ಎಂದು ಹೇಳುತ್ತದೆ, ಆದರೆ ವರದಿಯ ವರ್ಷವಾಗಲಿ ಪುಟವಾಗಲಿ ಇಲ್ಲ. ಇನ್ನು ನನಗೆ ಬೇಕಾದ ಒಂದು ಇಂಗ್ಲಿಷ್ ಲೇಖನ ವಿದೇಶಿ ಪತ್ರಿಕೆಯಲ್ಲಿದೆ. ಅದನ್ನು ಓದಲು ಕೇಳುವ ಶುಲ್ಕ ನನ್ನ ಒಂದು ತಿಂಗಳ ಬಸ್ಸಿನ ಖರ್ಚಿಗಿಂತ ಹೆಚ್ಚು.

ನನ್ನ ಪ್ರಶ್ನೆಗಳು ಇವು: ಇಂತಹ ಹಳೆಯ ವರದಿಗಳು ಮಂಗಳೂರು–ಉಡುಪಿಯ ಆಸುಪಾಸಿನಲ್ಲಿ ಸಿಗಬಹುದೇ, ಇಲ್ಲದಿದ್ದರೆ ಎಲ್ಲಿ ಕೇಳಬೇಕು? ಸಿಕ್ಕಿದ ಮೇಲೆ ಅದರಲ್ಲಿರುವುದು ನಿಜವೆಂದು ಹೇಗೆ ಖಚಿತಪಡಿಸಿಕೊಳ್ಳುವುದು? ಕೊನೆಗೂ ಸಿಗದೇ ಹೋದರೆ ಬೇರೆಯವರ ಅಡಿಟಿಪ್ಪಣಿಯನ್ನು ನನ್ನದೆಂಬಂತೆ ಬರೆಯುವುದು ಸರಿಯೇ? ಹಾಗೆ ಬರೆಯುವ ರೂಢಿ ನಮ್ಮಲ್ಲಿ ಧಾರಾಳವಾಗಿ ಇದೆ ಎಂಬುದು ಗೊತ್ತಿದ್ದರೂ ಕೇಳುತ್ತಿದ್ದೇನೆ.

ಉತ್ತರ 1
ಬರೆದವರು: ಕಪಾಟಿನ ಕೀಲಿ, ಉಡುಪಿ

ಮೇಡಂ, ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ನೀವು ಅಡಿಟಿಪ್ಪಣಿಯ ಜಾಡು ಹಿಡಿದು ಸ್ಮರಣ ಸಂಚಿಕೆಯವರೆಗೆ ಹೋದದ್ದೇ ಅರ್ಧ ಕೆಲಸ. ಐದು ಬರಹಗಳು ಐದು ಸಾಕ್ಷಿಗಳಲ್ಲ, ಅವುಗಳಲ್ಲಿ ನಾಲ್ಕು ಒಂದೇ ಸಾಕ್ಷಿಯ ಪ್ರತಿಗಳು ಎಂಬುದು ನಿಮಗೀಗ ಗೊತ್ತಾಗಿದೆ.

ಮೊದಲು ಹತ್ತಿರದಿಂದ ಆರಂಭಿಸಿ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ನಿಗೆ ಸಂಬಂಧಿಸಿದ ಹಳೆಯ ಪುಸ್ತಕ, ಪತ್ರಿಕೆ ಮತ್ತು ಕಡತಗಳ ಸಂಗ್ರಹವಿದೆ. ನೀವು ಜೆಪ್ಪಿನಲ್ಲಿದ್ದರೆ ಅದು ಬಸ್ಸಿನಲ್ಲಿ ಹೋಗಿಬರುವಷ್ಟು ದೂರ. ಮೊದಲೇ ಪತ್ರ ಬರೆದು, ಯಾವ ವರ್ಷಗಳ ಯಾವ ವರದಿ ಬೇಕೆಂದು ಸ್ಪಷ್ಟವಾಗಿ ತಿಳಿಸಿ, ಕಾಲೇಜಿನ ಪ್ರಾಂಶುಪಾಲರ ಪರಿಚಯ ಪತ್ರವನ್ನು ಜೊತೆಗಿರಿಸಿಕೊಳ್ಳಿ. ‘ಹಂಚಿನ ಬಗ್ಗೆ ಏನಾದರೂ ಇದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು, ಏಕೆಂದರೆ ಯಾವ ಪತ್ರಾಗಾರದಲ್ಲಿಯೂ ಕಾಗದಗಳನ್ನು ನಮ್ಮ ವಿಷಯಕ್ಕೆ ತಕ್ಕಂತೆ ಜೋಡಿಸಿರುವುದಿಲ್ಲ. ಅವನ್ನು ಹುಟ್ಟುಹಾಕಿದ ಕಚೇರಿಯ ಕ್ರಮದಲ್ಲಿ ಜೋಡಿಸಿರುತ್ತಾರೆ. ‘1859ರಿಂದ 1867ರವರೆಗಿನ ವಾರ್ಷಿಕ ವರದಿಗಳು, ಮಂಗಳೂರು ಠಾಣೆಯ (ಅಂದರೆ ಮಿಷನ್ ಕೇಂದ್ರದ) ಭಾಗ’ ಎಂದು ಕೇಳಿ.

ಎರಡನೆಯದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ, ಬಾಸೆಲ್ ಮಿಷನ್ನಿನ ಉತ್ತರಾಧಿಕಾರಿಯಾದ ಮಿಷನ್ 21 ಸಂಸ್ಥೆಯ ಪತ್ರಾಗಾರ. ಇಲ್ಲಿಂದ ಮಿಷನರಿಗಳು ಕಳಿಸಿದ ಪತ್ರಗಳು ಮತ್ತು ವರದಿಗಳು ಅಲ್ಲಿವೆ. ಭಾರತದ ಪತ್ರವ್ಯವಹಾರ ‘ಸಿ-1’ ಎಂಬ ಸರಣಿಯಲ್ಲಿದೆ. ಸೂಚಿಯನ್ನು ಅಂತರಜಾಲದಲ್ಲಿಯೇ ನೋಡಬಹುದು, ಹಳೆಯ ಛಾಯಾಚಿತ್ರಗಳೂ ಅಲ್ಲಿ ದೊರೆಯುತ್ತವೆ. ಸೂಚಿಯ ಸಂಖ್ಯೆಯನ್ನು ನಮೂದಿಸಿ ವಿನಯದಿಂದ ಬರೆದರೆ ಪ್ರತಿಕ್ರಿಯೆ ಸಿಗುತ್ತದೆ ಎಂಬುದು ನನ್ನ ಅನುಭವ. ಸಂಖ್ಯೆಯಿಲ್ಲದೆ ಬರೆದರೆ ಅವರೂ ನಿಮ್ಮಂತೆಯೇ ಹುಡುಕಾಡಬೇಕಾಗುತ್ತದೆ.

ಹುಡುಕುವಾಗ ಕಾಗುಣಿತದ ಬಗ್ಗೆ ಎಚ್ಚರವಿರಲಿ. ಊರು ಮಂಗಳೂರ್, ಮ್ಯಾಂಗಲೋರ್ ಎರಡೂ ಆಗಿರಬಹುದು. ಜಿಲ್ಲೆ ಕೆನರಾ ಎಂಬುದನ್ನು ಜರ್ಮನರು ‘ಕೆ’ಯಿಂದಲೂ ಇಂಗ್ಲಿಷರು ‘ಸಿ’ಯಿಂದಲೂ ಬರೆದಿದ್ದಾರೆ. ಸರ್ಕಾರಿ ಕಡತಗಳನ್ನು ಹುಡುಕುವವರು ಇನ್ನೊಂದು ಸಂಗತಿಯನ್ನು ಮರೆಯಬಾರದು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು, ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸಿನಲ್ಲಿಯೇ ಉಳಿದು 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆದ್ದರಿಂದ ಆ ಕಾಲದ ಕಂದಾಯ ಕಡತಗಳಿಗಾಗಿ ಬೆಂಗಳೂರಿಗಲ್ಲ, ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ಬೆಂಗಳೂರಿಗೆ ಹೋಗಿ ಬರಿಗೈಯಲ್ಲಿ ಮರಳಿದ ಇಬ್ಬರು ವಿದ್ಯಾರ್ಥಿಗಳನ್ನು ನಾನೇ ಕಂಡಿದ್ದೇನೆ.

ಮುದ್ರಿತ ಪುಸ್ತಕಗಳ ಜಾಡು ಹಿಡಿಯಲು ಇನ್ನೊಂದು ದಾರಿಯಿದೆ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆ ಬಂದ ಮೇಲೆ ಮದ್ರಾಸ್ ಪ್ರಾಂತ್ಯದಲ್ಲಿ ಅಚ್ಚಾದ ಪುಸ್ತಕಗಳ ಪಟ್ಟಿ ಮೂರು ತಿಂಗಳಿಗೊಮ್ಮೆ ಸರ್ಕಾರಿ ಗೆಜೆಟಿನೊಂದಿಗೆ ಪ್ರಕಟವಾಗುತ್ತಿತ್ತು. ಮಂಗಳೂರಿನಲ್ಲಿ ಅಚ್ಚಾದದ್ದೂ ಅದರಲ್ಲಿ ಬರುತ್ತದೆ. ಒಂದು ಪುಸ್ತಕ ನಿಜವಾಗಿ ಇತ್ತೇ, ಎಂದು ಅಚ್ಚಾಯಿತು ಎಂಬುದನ್ನು ತಿಳಿಯಲು ಇದು ಬಹಳ ಉಪಯುಕ್ತ. ಆದರೆ ನಿಮ್ಮ 1860–65ರ ಅವಧಿ ಕಾಯಿದೆಗಿಂತ ಹಿಂದಿನದಾದ್ದರಿಂದ ಈ ಬಾರಿ ಇದು ನಿಮ್ಮ ಕೈಹಿಡಿಯುವುದಿಲ್ಲ.

ಶುಲ್ಕ ಕೇಳುವ ಲೇಖನದ ಬಗ್ಗೆ: ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 2025ರ ಜನವರಿ 1ರಂದು ಆರಂಭವಾಗಿದ್ದು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಅದರ ವ್ಯಾಪ್ತಿಯಲ್ಲಿವೆ. ಆದರೆ ಅದು ಸರ್ಕಾರಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ನಿಮ್ಮದು ಖಾಸಗಿ ಕಾಲೇಜಾದ್ದರಿಂದ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಓದಲು ಅನುಮತಿ ಸಿಗುವುದೇ ಎಂದು ವಿಚಾರಿಸಿ. ಅದಕ್ಕೂ ಮೊದಲು ಲೇಖಕರಿಗೇ ಎರಡು ಸಾಲಿನ ಇಮೇಲ್ ಬರೆಯಿರಿ. ತಮ್ಮ ಲೇಖನವನ್ನು ಯಾರೋ ಮಂಗಳೂರಿನಲ್ಲಿ ಓದಲು ಬಯಸುತ್ತಾರೆ ಎಂದು ತಿಳಿದರೆ ಹೆಚ್ಚಿನವರು ಸಂತೋಷದಿಂದ ಕಳಿಸಿಕೊಡುತ್ತಾರೆ.

ಉತ್ತರ 2
ಬರೆದವರು: ಮಣಿಪಾಲದ ಓದುಗ

ಮೇಲಿನವರು ಹೇಳಿದ ದಾರಿಗಳಿಗೆ ನನ್ನ ಪೂರ್ಣ ಸಮ್ಮತಿಯಿದೆ. ಮಿಷನ್ನಿನ ಪತ್ರ, ವರದಿಗಳು ಹೆಚ್ಚಾಗಿ ಜರ್ಮನ್ನಿನಲ್ಲಿವೆ. ನಾನು ಅಲ್ಪಸ್ವಲ್ಪ ಜರ್ಮನ್ ಓದಬಲ್ಲವನಾದ್ದರಿಂದ, ದಾಖಲೆ ಸಿಕ್ಕಿದ ಮೇಲೆ ಎದುರಾಗುವ ತೊಡಕಿನ ಬಗ್ಗೆ ಹೇಳುತ್ತೇನೆ. ಏಕೆಂದರೆ ಪರಿಶೀಲನೆ ಎಂದರೆ ಕಾಗದವನ್ನು ಕಣ್ಣಾರೆ ಕಾಣುವುದಷ್ಟೇ ಎಂದು ಎಷ್ಟೋ ಮಂದಿ ತಿಳಿದಿರುತ್ತಾರೆ.

ನೀವು ಹುಡುಕಬೇಕಾದ ಪದ ‘ತ್ಸೀಗೆಲಾಯ್’, ಅಂದರೆ ತ್ಸೀಗೆಲ್ ತಯಾರಾಗುವ ಜಾಗ. ತೊಂದರೆ ಇರುವುದು ಇಲ್ಲಿಯೇ. ಜರ್ಮನ್ನಿನಲ್ಲಿ ತ್ಸೀಗೆಲ್ ಎಂದರೆ ಮಾಡಿಗೆ ಹೊದಿಸುವ ಹಂಚೂ ಹೌದು, ಗೋಡೆಗೆ ಕಟ್ಟುವ ಇಟ್ಟಿಗೆಯೂ ಹೌದು. ಹಂಚೆಂದು ಸ್ಪಷ್ಟವಾಗಿ ಹೇಳಬೇಕಾದರೆ ‘ಡಾಖ್‌ತ್ಸೀಗೆಲ್’, ಮಾಡಿನ ತ್ಸೀಗೆಲ್, ಎಂದು ಬರೆಯುತ್ತಾರೆ. ಹಾಗಾಗಿ ಹಳೆಯ ಪತ್ರವೊಂದರಲ್ಲಿ ಬರೀ ತ್ಸೀಗೆಲಾಯ್ ಎಂದಿದ್ದರೆ ಅದು ಇಟ್ಟಿಗೆಯ ಆವಿಗೆಯೋ ಹಂಚಿನ ಕಾರ್ಖಾನೆಯೋ ಎಂಬುದನ್ನು ಮುಂದಿನ ಹಿಂದಿನ ಸಾಲುಗಳಿಂದ ನಿರ್ಧರಿಸಬೇಕು. ನಮ್ಮ ಎರಡು ಇಸವಿಗಳ ಗೊಂದಲ ಇದರಿಂದಲೇ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಕಾಗದ ನೋಡದೆ ಹಾಗೆ ಹೇಳುವುದು ನೀವು ದೂರುತ್ತಿರುವ ತಪ್ಪನ್ನೇ ಮಾಡಿದಂತಾದೀತು. ಆದರೆ ಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಇದನ್ನು.

ಅದಕ್ಕಿಂತ ಮುಂಚೆ ನಿಮ್ಮ ಪ್ರಶ್ನೆಯನ್ನು ತುಸು ಒಡೆಯಬೇಕು. ‘ಆರಂಭಿಸಿದ್ದು’ ಎಂದರೆ ಯಾವುದು? ಜೇಡಿಮಣ್ಣನ್ನು ಪರೀಕ್ಷಿಸಿ ಕೆಲವು ಹಂಚು ಸುಟ್ಟು ನೋಡಿದ ವರ್ಷವೇ, ಒತ್ತುಯಂತ್ರ ನಿಲ್ಲಿಸಿದ ವರ್ಷವೇ, ಹಂಚು ಮಾರಾಟಕ್ಕೆ ಬಂದ ವರ್ಷವೇ, ಮಿಷನ್ನಿನ ಸಮಿತಿ ಅನುಮತಿ ಕೊಟ್ಟ ವರ್ಷವೇ? ಇವುಗಳ ನಡುವೆ ಐದು ವರ್ಷದ ಅಂತರ ಇರಬಾರದೆಂದೇನೂ ಇಲ್ಲ. ಹಾಗೆಯೇ ‘ಮೊದಲ ಹಂಚು’ ಎಂದು ಬರೆಯುವವರು ಕುಂಬಾರರ ನಾಡಹಂಚನ್ನು ಮರೆತೇಬಿಡುತ್ತಾರೆ. ಮಿಷನ್ನು ತಂದದ್ದು ಯಂತ್ರದಲ್ಲಿ ಒತ್ತಿದ, ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚನ್ನು. ಆ ಮಾದರಿಗೆ ಫ್ರಾನ್ಸಿನ ಅಲ್ಸಾಸ್ ಪ್ರದೇಶದ ಜಿಲಾರ್ಡೋನಿ ಸಹೋದರರು 1841ರಲ್ಲಿಯೇ ಪೇಟೆಂಟ್ ಪಡೆದಿದ್ದರು.

ಇನ್ನೊಂದು, ವರದಿಯ ವರ್ಷ ಮತ್ತು ಅಚ್ಚಾದ ವರ್ಷ. 1865ರ ವಿವರವುಳ್ಳ ವಾರ್ಷಿಕ ವರದಿ 1866ರಲ್ಲಿ ಅಚ್ಚಾಗಿರುವುದು ಸಹಜ. ಒಬ್ಬರು ಮುಖಪುಟದ ಇಸವಿಯನ್ನೂ ಇನ್ನೊಬ್ಬರು ಒಳಗಿನ ಇಸವಿಯನ್ನೂ ಉಲ್ಲೇಖಿಸಿದರೆ ಒಂದೇ ವರದಿ ಎರಡಾಗಿ ಕಾಣುತ್ತದೆ. ಗೂಗಲ್ ಬುಕ್ಸ್‌ನಂತಹ ಕಡೆ ಇದು ಇನ್ನೂ ಕೆಡುತ್ತದೆ: ಸರಣಿ ಪ್ರಕಟಣೆಯ ಎಲ್ಲ ಸಂಪುಟಗಳಿಗೂ ಮೊದಲ ಸಂಪುಟದ ಇಸವಿಯನ್ನೇ ಅಂಟಿಸಿರುವುದು ಅಲ್ಲಿ ಸಾಮಾನ್ಯ. ಮಿಷನ್ನಿನ ‘ಡೆರ್ ಎವಾಂಗೆಲಿಶೆ ಹೈಡೆನ್‌ಬೋಟೆ’ ಎಂಬ ಮಾಸಪತ್ರಿಕೆ 1828ರಿಂದ ಬರುತ್ತಿತ್ತು. ಹುಡುಕಾಟದ ಫಲಿತಾಂಶದಲ್ಲಿ 1828 ಎಂದು ಕಂಡಿತೆಂದು ಹಂಚಿನ ಕಾರ್ಖಾನೆಯನ್ನು ಮಿಷನರಿಗಳು ಇಲ್ಲಿಗೆ ಬಂದ 1834ಕ್ಕಿಂತಲೂ ಹಿಂದಕ್ಕೆ ಒಯ್ಯದಿರಿ!

ಅಚ್ಚಾದ ಜರ್ಮನ್ ಆ ಕಾಲದ ಫ್ರಾಕ್ಟೂರ್ ಅಕ್ಷರಗಳಲ್ಲಿರುತ್ತದೆ. ಅದರಲ್ಲಿ ಉದ್ದನೆಯ ‘ಎಸ್’ ನೋಡಲು ‘ಎಫ್’ನಂತೆಯೇ ಇರುವುದರಿಂದ ಯಂತ್ರದ ಓದು ಎಡವುತ್ತದೆ. ಕೈಬರಹದ ಪತ್ರಗಳು ಕುರೆಂಟ್ ಲಿಪಿಯಲ್ಲಿರುತ್ತವೆ, ಇಂದಿನ ಜರ್ಮನರಿಗೂ ಅದು ಸುಲಭವಲ್ಲ. ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಅದನ್ನು ಓದಲು ಯತ್ನಿಸುತ್ತದೆ. ಅದು ಕೊಟ್ಟ ಪಠ್ಯವನ್ನು ಕರಡೆಂದು ಮಾತ್ರ ತಿಳಿಯಿರಿ. ಇಸವಿ ಮತ್ತು ಅಂಕಿಗಳನ್ನು ಮೂಲ ಚಿತ್ರದಲ್ಲಿ ನೀವೇ ನೋಡಿ. ನಮ್ಮ ಕನ್ನಡದ ಹಳೆಯ ಮುದ್ರಣದಲ್ಲಿಯೂ ಸವೆದ ೬ ಮತ್ತು ೯ ಎಷ್ಟು ಸಲ ಅದಲುಬದಲಾಗಿವೆ ಎಂಬುದು ನಿಮಗೆ ಗೊತ್ತಿರುವ ಸಂಗತಿ.

ಮಾತು ಬಂದದ್ದರಿಂದ ಹೇಳುತ್ತೇನೆ: ಇತ್ತೀಚೆಗೆ ಎಐ ಚಾಟ್‌ಬಾಟ್ ಒಂದಕ್ಕೆ ಇದೇ ಬಗೆಯ ಪ್ರಶ್ನೆ ಹಾಕಿದಾಗ ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟ ಎಲ್ಲವನ್ನೂ ಸೇರಿಸಿ ಅಚ್ಚುಕಟ್ಟಾದ ಉಲ್ಲೇಖವನ್ನು ಕೊಟ್ಟಿತು. ಪತ್ರಿಕೆ ನಿಜವಾಗಿಯೂ ಇತ್ತು, ಆ ಸಂಪುಟವೂ ಇತ್ತು. ಆ ಪುಟಗಳಲ್ಲಿದ್ದದ್ದು ಬೇರೆ ಯಾರದೋ ಬೇರೆ ವಿಷಯದ ಲೇಖನ. ಪುಟಸಂಖ್ಯೆ ಇರುವ ಉಲ್ಲೇಖ ಹೆಚ್ಚು ನಂಬಿಕೆಗೆ ಅರ್ಹ ಎಂಬ ನಮ್ಮ ಹಳೆಯ ಎಣಿಕೆ ಈಗ ನಡೆಯುವುದಿಲ್ಲ.

ಸಿದ್ಧ ಸಂಶೋಧನೆಯನ್ನೂ ಬಿಡಬೇಡಿ. ಜೈಪ್ರಕಾಶ್ ರಾಘವಯ್ಯ ಅವರು ಮಲಬಾರ್ ಮತ್ತು ದಕ್ಷಿಣ ಕನ್ನಡದ ಬಾಸೆಲ್ ಮಿಷನ್ ಉದ್ಯಮಗಳ ಬಗ್ಗೆ ಬರೆದ ಇಂಗ್ಲಿಷ್ ಪುಸ್ತಕ 1990ರಲ್ಲಿ ಪ್ರಕಟವಾಗಿದೆ. ಅದಕ್ಕೂ ಮೊದಲು, 1978ರಲ್ಲಿ, ರುಡಾಲ್ಫ್ ಫಿಶರ್ ಅವರು ಇದೇ ಉದ್ಯಮದ ಬಗ್ಗೆ ಜರ್ಮನ್ನಿನಲ್ಲಿ ಬರೆದಿದ್ದಾರೆ. ಇವನ್ನು ಇಸವಿಗಾಗಿ ಓದುವುದಕ್ಕಿಂತ ಅಡಿಟಿಪ್ಪಣಿಗಳಿಗಾಗಿ ಓದಿ. ಭಾರತದ ಪಿಎಚ್.ಡಿ. ಪ್ರಬಂಧಗಳ ಅಂತರಜಾಲ ಸಂಗ್ರಹವಾದ ಶೋಧಗಂಗಾದಲ್ಲಿಯೂ ಹಾಗೆಯೇ: ಪ್ರಬಂಧದ ಅಧ್ಯಾಯಗಳು ಬೇರೆ ಬೇರೆ ಕಡತಗಳಾಗಿರುವುದರಿಂದ ಮೊದಲು ಗ್ರಂಥಋಣದ ಕಡತವನ್ನು ತೆರೆದು ನೋಡಿ, ಅವರು ಪತ್ರಾಗಾರಕ್ಕೆ ಹೋಗಿದ್ದಾರೋ ಇಲ್ಲವೋ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಉತ್ತರ 3
ಬರೆದವರು: ಹಳೆ ಮಾಡು

ನಾನು ಸಂಶೋಧಕನಲ್ಲ, ಹಳೆಯ ಮನೆಗಳ ಮಾಡು ದುರಸ್ತಿ ಮಾಡಿಸುವ ಕೆಲಸದವನು. ಆದರೆ 1865ರ ಪರವಾಗಿ ಒಂದು ಸಾಕ್ಷಿ ನಮ್ಮೆಲ್ಲರ ತಲೆಯ ಮೇಲೆಯೇ ಇದೆ ಎಂದು ತಿಳಿಸಲು ಬರೆಯುತ್ತಿದ್ದೇನೆ. ಬಾಸೆಲ್ ಮಿಷನ್ನಿನ ಹಂಚನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರಿನ ಜೊತೆಗೆ 1865 ಎಂದು ಇಂಗ್ಲಿಷಿನಲ್ಲಿ ಒತ್ತಿರುತ್ತದೆ. ಕಳೆದ ಏಪ್ರಿಲಿನಲ್ಲಿ ಮಳೆಗಾಲಕ್ಕೆ ಮೊದಲು ಒಂದು ಮನೆಯ ರೀಪು ಬದಲಿಸುವಾಗ ಅಂತಹ ನೂರಾರು ಹಂಚುಗಳನ್ನು ಇಳಿಸಿದೆವು. ಒಂದರ ಹಿಂಬದಿಯಲ್ಲಿ, ಆ ಅಂಕಿಯ ಪಕ್ಕದಲ್ಲಿಯೇ, ಹಸಿಯಿರುವಾಗ ಮೂಡಿದ ನಾಯಿಯ ಪಾದದ ಗುರುತು ಕೂಡ ಇತ್ತು. ಮನೆಯವರು ಅದನ್ನು ತೆಗೆದಿಟ್ಟುಕೊಂಡಿದ್ದಾರೆ.

ಮನೆಯ ಯಜಮಾನರು ತಮ್ಮ ಮನೆ 1865ರದ್ದೆಂದು ಆ ಹಂಚನ್ನು ತೋರಿಸಿ ಎಲ್ಲರಿಗೂ ಹೇಳುತ್ತಿದ್ದರು. ಆದರೆ ಅದೇ ಮನೆಯ ಪಕ್ಕಾಸಿನ ಮೇಲೆ ಬಡಗಿ ಕೊರೆದ ಇಸವಿ ಇಪ್ಪತ್ತನೆಯ ಶತಮಾನದ್ದಾಗಿತ್ತು. ಹಂಚಿನ ಮೇಲಿನ 1865 ಆ ಹಂಚು ಸುಟ್ಟ ವರ್ಷವಲ್ಲ, ಕಂಪನಿಯ ಗುರುತು. ಆಮೇಲೆ ಎಷ್ಟೋ ವರ್ಷ ಅದೇ ಅಚ್ಚಿನಲ್ಲಿ ಒತ್ತಿದ್ದಾರೆ. ಆದುದರಿಂದ ಇದನ್ನು ಹೇಗೆ ಬಳಸಬೇಕೆಂದು ನೀವು ಕಲಿತವರೇ ಹೇಳಬೇಕು. ನನಗೆ ತೋಚಿದ್ದು ಇಷ್ಟು: ಕಾರ್ಖಾನೆಯವರೇ ತಮ್ಮ ಹುಟ್ಟಿದ ವರ್ಷವೆಂದು 1865ನ್ನು ಒತ್ತಿಕೊಂಡಿದ್ದರೆ, ಅವರಿಗಿಂತ ಐದು ವರ್ಷ ಹೆಚ್ಚು ವಯಸ್ಸು ಹೇಳುವವರು ಕಾರಣ ಕೊಡಬೇಕಲ್ಲವೇ?

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ
ಬರೆದವರು: ಜೆಪ್ಪು ಅಧ್ಯಾಪಕಿ

ಮೂವರಿಗೂ ಕೃತಜ್ಞತೆಗಳು. ‘ಹಳೆ ಮಾಡು’ ಅವರೇ, ನಿಮ್ಮ ನಾಯಿಯ ಪಾದದ ಹಂಚನ್ನು ಒಮ್ಮೆ ನೋಡಬೇಕೆಂದು ಆಸೆಯಾಗಿದೆ. ನಿಮ್ಮ ವಾದದಲ್ಲಿ ತೂಕವಿದೆ. ಕಂಪನಿ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ಪೂರ್ಣ ಪ್ರಮಾಣವಾಗದಿದ್ದರೂ, ಆಧಾರವಿಲ್ಲದ ಸ್ಮರಣ ಸಂಚಿಕೆಗಿಂತ ಅದು ಖಂಡಿತ ಮೇಲು.

ನಿನ್ನೆ ರಾತ್ರಿ ವಾಕ್ಯವನ್ನು ಹೀಗೆ ತಿದ್ದಿದೆ: “ಬಾಸೆಲ್ ಮಿಷನ್ ಹಂಚುಗಳ ಮೇಲಿನ ಮುದ್ರೆ 1865 ಎಂಬ ಇಸವಿಯನ್ನು ಕೊಡುತ್ತದೆ, 1860 ಎಂಬ ಇಸವಿ ನಂತರದ ಬರಹಗಳಲ್ಲಿ ಕಾಣಿಸುತ್ತದೆಯಾದರೂ ಈ ಲೇಖಕಿ ನೋಡಿದ ಐದು ಬರಹಗಳಲ್ಲಿ ಅದಕ್ಕೆ ಪರಿಶೀಲಿಸಬಹುದಾದ ಆಧಾರ ಸಿಗಲಿಲ್ಲ.” ಸಹೋದ್ಯೋಗಿಯೊಬ್ಬರು ಇದನ್ನು ಓದಿ, ಇಷ್ಟು ಅನುಮಾನ ಇಟ್ಟುಕೊಂಡು ಪ್ರಬಂಧ ಬರೆಯುವುದೇಕೆ ಎಂದು ಕೇಳಿದರು. ನನಗೇನೋ ಇದೇ ಸರಿ ಎನಿಸುತ್ತಿದೆ.

ಒಂದು ಸಂದೇಹ ಉಳಿದಿದೆ. ಬಲ್ಮಠದಲ್ಲಿ ವರದಿ ಸಿಗದೇ, ಬಾಸೆಲಿನಿಂದ ಉತ್ತರ ಬರುವ ಮೊದಲೇ ಸಂಕಿರಣ ಬಂದುಬಿಟ್ಟರೆ, ರಾಘವಯ್ಯನವರ ಪುಸ್ತಕದಲ್ಲಿ ಉಲ್ಲೇಖವಾಗಿರುವ ಮೂಲವನ್ನು ನಾನು ಹೇಗೆ ನಮೂದಿಸಬೇಕು?

ಉತ್ತರ 4
ಬರೆದವರು: ಕಪಾಟಿನ ಕೀಲಿ, ಉಡುಪಿ

ನೋಡಿದ್ದನ್ನು ಮಾತ್ರ ನೋಡಿದೆನೆಂದು ಬರೆಯಿರಿ. ಮೂಲದ ಹೆಸರನ್ನು ಕೊಟ್ಟು, ‘ಇಂತಹವರ ಪುಸ್ತಕದ ಇಂತಹ ಪುಟದಲ್ಲಿ ಉಲ್ಲೇಖಿತವಾದಂತೆ’ ಎಂದು ಸೇರಿಸಿದರೆ ಯಾರೂ ನಿಮ್ಮನ್ನು ಚಿಕ್ಕವರೆಂದು ತಿಳಿಯುವುದಿಲ್ಲ. ಹಾಗೆ ಮಾಡದೆ ಮೂಲವನ್ನೇ ನೇರವಾಗಿ ನಮೂದಿಸಿದರೆ, ಆ ಪುಸ್ತಕದಲ್ಲಿ ಅಚ್ಚಿನ ದೋಷವೊಂದು ಇದ್ದಲ್ಲಿ ಅದು ನಿಮ್ಮ ಹೆಸರಿನಲ್ಲಿ ಮುಂದುವರಿಯುತ್ತದೆ. ಕೃತಿಚೌರ್ಯ ಸಿಕ್ಕಿಬೀಳುವುದು ಬಹಳ ಸಲ ಹೀಗೆಯೇ: ಒಬ್ಬರ ಪುಟಸಂಖ್ಯೆಯ ತಪ್ಪು ಹತ್ತು ಮಂದಿಯಲ್ಲಿ ಅಕ್ಷರಶಃ ಕಾಣಿಸಿಕೊಂಡಾಗ.

ನಿಮ್ಮ ವಾಕ್ಯದಲ್ಲಿ ಒಂದು ಪದ ಮಾತ್ರ ಬದಲಿಸಿ. ‘ನಂತರದ ಬರಹಗಳಲ್ಲಿ’ ಎಂದು ಬರೆದಿದ್ದೀರಿ. ನೀವು ನೋಡಿದ್ದು ಐದನ್ನು, ಅವೂ ಯಾವಾಗಿನವು ಎಂದು ಓದುಗರಿಗೆ ತಿಳಿಯದು. ‘ಇತ್ತೀಚಿನ ಕೆಲವು ಬರಹಗಳಲ್ಲಿ’ ಎಂದು ಬರೆದು, ಆ ಐದರ ಹೆಸರನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟುಬಿಡಿ. ಹಂಚಿನ ಮುದ್ರೆಯನ್ನು ಆಧಾರವಾಗಿ ಕೊಡುವುದಾದರೆ ಯಾವ ಊರಿನ ಯಾವ ಬಗೆಯ ಕಟ್ಟಡದಿಂದ ಇಳಿಸಿದ್ದು, ಯಾವ ದಿನ ನೋಡಿದ್ದು ಎಂದು ಬರೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೋವನ್ನು ಸೇರಿಸಿ. ಮನೆಯವರ ಅನುಮತಿ ಕೇಳಲು ಮರೆಯಬೇಡಿ.

ಬಲ್ಮಠಕ್ಕೆ ಹೋಗುವ ದಿನ ಪೆನ್ನಿನ ಬದಲು ಪೆನ್ಸಿಲ್ ಒಯ್ಯಿರಿ. ಒಂದು ವರದಿಯ ಪುಟದ ಚಿತ್ರ ತೆಗೆಯಲು ಅನುಮತಿ ಸಿಕ್ಕಿದರೆ ಮೊದಲು ಮುಖಪುಟವನ್ನೂ ಅದರ ಬೆನ್ನ ಬದಿಯನ್ನೂ ತೆಗೆದುಕೊಳ್ಳಿ, ಆಮೇಲೆ ಬೇಕಾದ ಪುಟವನ್ನು. ಬೇಕಾದ ಪುಟ ಮಾತ್ರ ತೆಗೆದುಕೊಂಡು ಬಂದು, ಅದು ಯಾವ ವರ್ಷದ ವರದಿಯೆಂದು ತಿಳಿಯದೆ ಎರಡನೆಯ ಸಲ ಹೋದವರಲ್ಲಿ ನಾನೂ ಒಬ್ಬ.